ಕೆಂಪು ದೀಪ ಹತ್ತಿದ ಶುಕ್ರವಾರ

ಹಯಾತ್ ಸಾಬ್ ಗಾಡಿ ನಿಲ್ಲಿಸಿದ್ದು ಸರಿಯೋ ತಪ್ಪೋ ಎಂದು ಹರಿಹರದ ಜನ ಎರಡು ದಿನ ಚರ್ಚೆ ಮಾಡಿದರು. ಚರ್ಚೆ ಮಾಡಿದವರಲ್ಲಿ ಅರ್ಧಕ್ಕರ್ಧ ಮಂದಿಗೆ ಸೈಕಲ್ ತುಳಿಯಲೂ ಬರುತ್ತಿರಲಿಲ್ಲ, ಆ ಮಾತು ಬೇರೆ.

ನಡೆದದ್ದು ಎಂಬತ್ಮೂರನೇ ಇಸವಿಯ ಒಂದು ಶುಕ್ರವಾರ. ಅಕ್ಕಿ ಮಿಲ್ಲಿನ ಸಾವುಕಾರ ಗೋಣೆಪ್ಪ ಮಗಳ ಮದುವೆ ಮಾತುಕತೆಗೆಂದು ದಾವಣಗೆರೆಗೆ ಹೊರಟಿದ್ದ. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಗಂಡಿನ ಮನೆಯ ಹೊಸ್ತಿಲು ದಾಟಬೇಕಿತ್ತು. ಹಿಂದಿನ ಸೀಟಿನಲ್ಲಿ ಹಣ್ಣಿನ ಬುಟ್ಟಿ ತಬ್ಬಿಕೊಂಡು ಗೋಣೆಪ್ಪ, ಮುಂದೆ ಹನ್ನೊಂದು ವರ್ಷದಿಂದ ಅವನ ಡ್ರೈವರ್ ಆಗಿದ್ದ ಹಯಾತ್ ಸಾಬ್. ಬಾತಿ ಕೆರೆ ಕಣ್ಣಿಗೆ ಬೀಳುವ ಹೊತ್ತಿಗೆ ಫಿಯೆಟ್ಟಿನ ಮೀಟರಿನಲ್ಲಿ ಆಯಿಲ್ಲಿನ ಕೆಂಪು ದೀಪ ಹತ್ತಿತು. ಎಂಜಿನ್ನಿಗೆ ಆಯಿಲ್ ಏರುತ್ತಿಲ್ಲ ಎಂದು ಎಚ್ಚರಿಸುವ ದೀಪ ಅದು. ಹಯಾತ್ ಸಾಬ್ ತಕ್ಷಣ ಎಂಜಿನ್ ಬಂದ್ ಮಾಡಿ, ಗಾಡಿ ಉರುಳಿದಷ್ಟು ಉರುಳಲಿ ಎಂದು ಬಿಟ್ಟು, ಬೇವಿನ ಮರದ ಕೆಳಗೆ ನಿಲ್ಲಿಸಿದ.

ಬಾನೆಟ್ ಎತ್ತಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರೆ ಆಯಿಲ್ ಭರ್ತಿ ಇತ್ತು.

"ಐತಲ್ಲ ಆಯಿಲ್ಲು. ನಡಿ ಮತ್ತೆ," ಎಂದ ಗೋಣೆಪ್ಪ.

"ತಳದಾಗ ಇದ್ರೆ ಸಾಲದ್ರಿ ಸಾವ್ಕಾರ್ರೆ. ಪಂಪು ಅದನ್ನ ಮ್ಯಾಲೆ ಎತ್ತಬೇಕು. ಪಂಪ್ ಹೋಗಿದ್ರೆ ಎರಡು ಮೈಲಿ ಹೋಗೋದ್ರಾಗೆ ಎಂಜಿನ್ ಜಾಮ್ ಆಗ್ತೈತೆ."

"ಆದ್ರೆ ಆಗ್ಲಿ. ಗಾಡಿ ನಂದು, ನಾನು ಹೇಳ್ತೀನಿ, ನಡಿ."

"ನನ್ ಕೈಲಾಗಲ್ರಿ," ಎಂದು ಹಯಾತ್ ಸಾಬ್ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಗೋಣೆಪ್ಪ ಬೈದುಕೊಳ್ಳುತ್ತಲೇ ರಸ್ತೆಗೆ ಹೋಗಿ ಬಸ್ಸಿಗೆ ಕೈ ಅಡ್ಡ ಮಾಡಿದ. ಇಸ್ತ್ರಿ ಮಾಡಿದ ಪಂಚೆ ಮುದ್ದೆಯಾಗಿ, ಬುಟ್ಟಿಯೊಳಗಿನ ಬಾಳೆಹಣ್ಣು ಜಜ್ಜಿ ಹೋಗಿ, ಗಂಡಿನ ಮನೆ ತಲುಪುವಾಗ ಹತ್ತೂ ಮುಕ್ಕಾಲು. ಹುಡುಗನ ತಂದೆ ಮುರುಗೇಶಪ್ಪ ಕಾಫಿ ಕೊಡಿಸಿದ, ಮಳೆ ಬೆಳೆ ಮಾತಾಡಿದ, ಕೊನೆಗೆ "ಆಮೇಲೆ ತಿಳಿಸ್ತೀವಿ" ಎಂದ. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ಹಯಾತ್ ಸಾಬನಿಗೆ ಈ ಸುದ್ದಿ ಕೇಳಿ ತನ್ನ ಮನೆಯ ಕೆಲಸವೇ ಕೆಟ್ಟಂತಾಯಿತು. ಆ ಹುಡುಗಿಯನ್ನು ಐದನೇ ಕ್ಲಾಸಿನಿಂದ ಶಾಲೆಗೆ ಬಿಟ್ಟು ಕರೆತಂದವನು ಅವನೇ.

ಶನಿವಾರ ಬೆಳಿಗ್ಗೆ ಮಿಲ್ಲಿನ ಅಂಗಳದಲ್ಲಿ ಗೋಣೆಪ್ಪ ಅವನನ್ನು ನಿಲ್ಲಿಸಿಕೊಂಡ. ಪಕ್ಕದಲ್ಲಿ ಮಿಲ್ಲಿನ ಲಾರಿ ಓಡಿಸುವ ಕರಿಬಸವರಾಜನಿದ್ದ. ಸಾವುಕಾರನ ಕಾರಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು.

"ನೋಡು, ಹೋದ ವರ್ಷ ನೀನೇ ಮುಂದೆ ನಿಂತು ಎಂಜಿನ್ ಕೆಲಸ ಮಾಡಿಸ್ದೆ," ಎಂದ ಗೋಣೆಪ್ಪ. "ಈಗ ಅದು ಕೆಟ್ಟಿದ್ರೆ ನೀನು ನೋಡ್ಕಂಡಿಲ್ಲ ಅಂತಾಯ್ತು. ಕೆಟ್ಟಿಲ್ಲ ಅಂದ್ರೆ ನನ್ನ ಸುಮ್ನೆ ನಿಲ್ಸಿದೆ ಅಂತಾಯ್ತು. ಎರಡರಾಗೆ ಯಾವುದಾದ್ರೂ ಸರಿ, ಕೀಲಿ ಇಲ್ಲಿಟ್ಟು ಕೆಲಸ ಬಿಡು."

ಇಷ್ಟರಲ್ಲಿ ಕರಿಬಸವರಾಜ ಬಾನೆಟ್ಟಿನೊಳಗೆ ಕೈ ಹಾಕಿ, ಎಂಜಿನ್ನಿನ ಪಕ್ಕದ ಆಯಿಲ್ ಸ್ವಿಚ್ಚಿನ ತಂತಿ ಕಿತ್ತು, "ಈಗ ಕೀಲಿ ಹಾಕಿ ನೋಡ್ರಿ, ದೀಪ ಹತ್ತಲ್ಲ," ಎಂದ. ಹಯಾತ್ ಸಾಬ್ ಕೀಲಿ ಹಾಕಿ ತಿರುಗಿಸಿದ, ಹತ್ತಲಿಲ್ಲ. ಗೋಣೆಪ್ಪನ ಮುಖ ಅರಳಿತು. ನಿನ್ನೆಯಿಂದ ಅವನು ನಕ್ಕದ್ದು ಅದೇ ಮೊದಲು.

"ಅದು ರಿಪೇರಿ ಅಲ್ರಿ, ಗಾಡಿ ಬಾಯಿ ಮುಚ್ಚಿಸಿದ್ದು," ಎಂದ ಹಯಾತ್ ಸಾಬ್. "ಮಧ್ಯಾಹ್ನದ ತನಕ ಟೈಮ್ ಕೊಡ್ರಿ. ಏನಾಗೈತೆ ಅಂತ ನೋಡಿ ಹೇಳ್ತೀನಿ. ಆಮೇಲೆ ಕೀಲಿ ಕೊಡ್ತೀನಿ."

ಗೋಣೆಪ್ಪ ಕೈಗಡಿಯಾರ ನೋಡಿಕೊಂಡು, ಕರಿಬಸವರಾಜನನ್ನು ಕರೆದುಕೊಂಡು ಒಳಗೆ ಹೋದ. ಹಯಾತ್ ಸಾಬ್ ಅಂಗಿಯ ತೋಳು ಮಡಚಿದ. ಆಯಿಲ್ ಎಷ್ಟು ಜೋರಾಗಿ ಬರುತ್ತಿದೆ ಎಂದು ನೋಡಿ ದೀಪಕ್ಕೆ ಹೇಳುವುದು ಆ ಸ್ವಿಚ್ಚು. ಹೆಬ್ಬೆರಳಿನಷ್ಟು ಉದ್ದವೂ ಇಲ್ಲದ ವಸ್ತು. ಅದನ್ನು ಪಾನಾ ಹಾಕಿ ಬಿಚ್ಚಿದ. ತೆರೆದ ತೂತಿನ ಎದುರಿಗೆ ಹಳೆಯ ಪೇಪರಿನ ಹಾಳೆ ಸಿಕ್ಕಿಸಿ, ಗಾಡಿಯ ಮುಂದೆ ಎಂಜಿನ್ ತಿರುಗಿಸುವ ಹ್ಯಾಂಡಲ್ ತೂರಿಸಿ, ಎರಡೂ ಕೈಯಲ್ಲಿ ತಿರುಗಿಸಿದ. ಐವತ್ತೆರಡರ ವಯಸ್ಸು, ಸೊಂಟ ಬೇಡ ಬೇಡ ಎಂದಿತು. ಬಿಡಲಿಲ್ಲ. ಹತ್ತು ಸುತ್ತು ತಿರುಗಿಸಿ ಹೋಗಿ ನೋಡಿದರೆ ಪೇಪರು ಆಯಿಲ್ಲಿನಲ್ಲಿ ತೊಯ್ದು ತೊಪ್ಪೆಯಾಗಿತ್ತು.

ಪಂಪು ಸರಿಯಾಗಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಸ್ವಿಚ್ಚು, ಹೇಳಿದ್ದು ಸುಳ್ಳು, ನಂಬಿ ನಿಂತವನು ಹಯಾತ್ ಸಾಬ್. ತನ್ನ ಕೆಲಸ ಹೋಗಲು ಬೇಕಾದ ಸಾಕ್ಷಿಯನ್ನು ತಾನೇ ಬೆವರು ಸುರಿಸಿ ಹುಡುಕಿದಂತಾಯಿತಲ್ಲ ಎಂದು ಅವನಿಗೆ ನಗುವೂ ಬಂತು, ಸಿಟ್ಟೂ ಬಂತು. ಪೇಪರನ್ನು ಬಾನೆಟ್ಟಿನ ಮೇಲೆ ಹರಡಿಟ್ಟು ದಾವಣಗೆರೆಯ ಬಸ್ಸು ಹತ್ತಿದ.

ಸಾಮಾನಿನ ಅಂಗಡಿಯ ಫಜಲುಲ್ಲಾ ಹಳೆಯ ಗೆಳೆಯ. ಹೊಸ ಸ್ವಿಚ್ಚನ್ನು ಗಲ್ಲಾದ ಮೇಲಿಟ್ಟು ಕಥೆಯೆಲ್ಲ ಕೇಳಿದ. ಒಳಗೆ ಹೋಗಿ ಸವೆದು ಹೋದ ಆಯಿಲ್ ಪಂಪೊಂದನ್ನು ತಂದು ಅದರ ಪಕ್ಕದಲ್ಲಿಟ್ಟ.

"ಹಯಾತ್ ಭಾಯ್, ಸ್ವಿಚ್ ಹೋಗಿತ್ತು ಅಂದ್ರೆ ನೀನು ಸುಮ್ ಸುಮ್ನೆ ನಿಲ್ಸಿದಂಗಾಯ್ತು. ಪಂಪ್ ಹೋಗಿತ್ತು ಅನ್ನು, ಇದನ್ನ ಒಯ್ದು ತೋರ್ಸು. ಎಂಜಿನ್ ಉಳಿಸ್ದೋನು ಅಂತ ನಿನ್ಗೇ ಹಾರ ಹಾಕ್ತಾರೆ."

ಹಯಾತ್ ಸಾಬ್ ಪಂಪನ್ನು ಕೈಗೆ ತೆಗೆದುಕೊಂಡ. ಬೇಡವೆಂದು ತಕ್ಷಣ ಹೇಳಿದನೆಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಫಜಲುಲ್ಲಾ ಇನ್ನೆರಡು ಗಿರಾಕಿಗಳಿಗೆ ಸಾಮಾನು ಕೊಟ್ಟು ಕಳಿಸುವವರೆಗೂ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದ. ಮನೆಯಲ್ಲಿ ಅಮೀನಾಬೀ ಬೆಳಿಗ್ಗೆ ರೊಟ್ಟಿ ಕಟ್ಟಿ ಕೊಡುವಾಗ, ಕೆಲಸ ಉಳೀತೈತಾ ಎಂದು ಕೇಳಿದ್ದಳು. ಹೆಂಡತಿಯ ಆ ಮಾತು ಅವನಿಗೆ ನೆನಪಾಯಿತು.

"ನಿನ್ನೆ ದೀಪ ಹೇಳಿದ್ದು ಕೇಳಿ ನಿಂತೆ," ಎಂದ ಕೊನೆಗೆ. "ಇವತ್ತು ಆಯಿಲ್ ಬೇರೆ ಹೇಳ್ತೈತೆ. ಅದನ್ನ ಮುಚ್ಚಿಟ್ರೆ ನಾನೂ ತಂತಿ ಕಿತ್ತಂಗೇ ಆಯ್ತಲ್ಲಪ್ಪ. ಸ್ವಿಚ್ ಅಷ್ಟೇ ಕೊಡು."

ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಮರಳಿ, ಹೊಸ ಸ್ವಿಚ್ಚನ್ನು ಮೊದಲು ಕೈಯಿಂದ ತಿರುಗಿಸಿ, ಆಮೇಲೆ ಪಾನಾ ಹಾಕಿ ಬಿಗಿ ಮಾಡಿದ. ತಂತಿ ಸಿಕ್ಕಿಸಿದ. ಗೋಣೆಪ್ಪ ಬಂದು ನಿಂತ. ಕರಿಬಸವರಾಜನೂ ಬಂದ. ಹಯಾತ್ ಸಾಬ್ ಇಬ್ಬರಿಗೂ ತೊಯ್ದ ಪೇಪರು ತೋರಿಸಿ, ಹಳೆಯ ಸ್ವಿಚ್ಚನ್ನು ಸಾವುಕಾರನ ಅಂಗೈಯಲ್ಲಿಟ್ಟ.

"ಕೆಟ್ಟಿದ್ದು ಇದು."

"ಅಂದ್ರೆ ಎಂಜಿನ್ ಚೆನ್ನಾಗೇ ಇತ್ತು."

"ಇತ್ರಿ."

"ನಿನ್ನೆ ಹೋಗಬಹುದಿತ್ತು."

"ಹೋಗಬಹುದಿತ್ರಿ."

"ನಿನ್ನ ಬಾಯಿಂದ ನೀನೇ ಹೇಳ್ತೀಯಲ್ಲ."

"ಇವತ್ತು ಬಿಚ್ಚಿ ನೋಡಿದ್ದಕ್ಕೆ ಹೇಳ್ತಾ ಇದೀನ್ರಿ. ನಿನ್ನೆ ನಂಗೆ ಗೊತ್ತಿರ್ಲಿಲ್ಲ. ಮಗಳ ಕೆಲಸ ಕೆಟ್ಟಿದ್ದಕ್ಕೆ ನಂಗೂ ಸಂಕಟ ಐತೆ. ಆದ್ರೆ ನಾಳೆ ದೀಪ ಹತ್ತಿದ್ರೂ ನಾನು ನಿಲ್ಸೋನೇ." ಹೇಳಿ, ಕೀಲಿಯನ್ನು ಸ್ವಿಚ್ಚಿನ ಪಕ್ಕದಲ್ಲಿಟ್ಟ.

ಗೋಣೆಪ್ಪ ಕೀಲಿಯನ್ನು ಬೆರಳಿನಲ್ಲಿ ತೂಗಾಡಿಸುತ್ತ ಕರಿಬಸವರಾಜನ ಕಡೆ ತಿರುಗಿದ.

"ನಿನ್ನೆ ನೀನಿದ್ದಿದ್ರೆ ಏನು ಮಾಡ್ತಿದ್ದೆ?"

"ಬಾತಿ ಹತ್ರಾನೇ ತಂತಿ ಕಿತ್ತು, ಹತ್ತು ಗಂಟೆಗೆಲ್ಲ ನಿಮ್ಮನ್ನ ಬೀಗರ ಬಾಗಿಲಾಗೆ ಇಳಿಸ್ತಿದ್ದೆ ಸಾವ್ಕಾರ್ರೆ."

"ಪಂಪು ಖರೇನೇ ಹೋಗಿದ್ರೆ?"

"ಅದು ಹೆಂಗೆ ಗೊತ್ತಾಗ್ತಿತ್ರಿ? ತಂತಿ ಕಿತ್ತಿರ್ತಿದ್ನಲ್ಲ."

ಗೋಣೆಪ್ಪ ತೂಗಾಡುತ್ತಿದ್ದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಆಮೇಲೆ ಹಿಂದಿನ ಬಾಗಿಲು ತೆಗೆದು ಒಳಗೆ ಕೂತು, ಮುಂದಿನ ಸೀಟಿನ ಮೇಲಿಂದ ಕೀಲಿ ಚಾಚಿದ.

"ಬರ್ರಿ ಸಾಬ್ರೆ. ಬಾತಿ ತನಕ ಒಂದು ಸುತ್ತು ಹೋಗಿ ಬರೋಣ."

ಹಯಾತ್ ಸಾಬ್ ಕೂತು ಕೀಲಿ ತಿರುಗಿಸಿದ. ಎಂಜಿನ್ ಶುರುವಾಗುವ ಮೊದಲು ಹತ್ತಲೇಬೇಕಾದ ಕೆಂಪು ದೀಪ ಹತ್ತಿತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಕಡೆ ಕಣ್ಣು ಹಾಯಿಸದ ಗೋಣೆಪ್ಪ ಮುಂದಕ್ಕೆ ಬಗ್ಗಿ, ಡ್ರೈವರನ ಹೆಗಲ ಮೇಲಿಂದ ಅದನ್ನೇ ನೋಡತೊಡಗಿದ. ಅವನು ಕಣ್ತುಂಬ ನೋಡಲಿ ಎಂದು ಹಯಾತ್ ಸಾಬ್ ಒಂದು ಗಳಿಗೆ ತಡೆದ. ಆಮೇಲೆ ಸೆಲ್ಫ್ ಹೊಡೆದ. ಎಂಜಿನ್ ಹಿಡಿಯಿತು, ದೀಪ ಆರಿತು. ಆಗಲೇ ಗೋಣೆಪ್ಪ ಹಿಂದಕ್ಕೆ ಒರಗಿ ಕೂತದ್ದು.