ಕ್ಯಾಬಿನ್ನಿನ ಊಟ

ಪ್ರತಿಮಾ ಅವರ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂತು. ಅವರದೇನೂ ತಪ್ಪಿರಲಿಲ್ಲ, ಪಾಪ. ಬೆಂಗಳೂರಿನಿಂದ ಹಾರೋಹಳ್ಳಿಗೆ ಆ ಧೂಳು ಕುಡಿಯುತ್ತಾ ಬಂದರೂ ನಗುನಗುತ್ತಲೇ ಮಾತಾಡುವ ಹೆಂಗಸು. ಮ್ಯಾನೇಜರುಗಳಿಗೆ ಜನರನ್ನು ನಡೆಸುವುದು ಹೇಗೆಂದು ಕಲಿಸುವುದು ಅವರ ಕೆಲಸ. ಕಂಪನಿಯವರ ಬಾಯಲ್ಲಿ ಅವರು 'ಲೀಡರ್‌ಶಿಪ್ ಕೋಚ್'.

ನಮ್ಮದು ಕಾರುಗಳಿಗೆ ವೈರಿನ ಕಟ್ಟು ಜೋಡಿಸಿ ಕೊಡುವ ಕಾರ್ಖಾನೆ. ನಾನು ಅಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ಪ್ಲಾಂಟ್ ಹೆಡ್ ನಿವೃತ್ತರಾಗುವವರಿದ್ದರು, ಆ ಕುರ್ಚಿಗೆ ಮಮತಾ ಎಂದು ನನ್ನ ಹೆಸರು ಓಡಾಡುತ್ತಿತ್ತು. ಆದರೆ ಎಂ.ಡಿ. ಒಂದು ಕೊಕ್ಕೆ ಹಾಕಿದ್ದರು. ಮಮತಾ ಕೆಲಸದಲ್ಲಿ ಚುರುಕು, ಜನರ ಜೊತೆ ಮಾತ್ರ ಬೆರೆಯುವುದಿಲ್ಲ. ಕೋಚ್ ನೋಡಿ ಆಗಬಹುದು ಅಂದರೆ ಸರಿ, ಇಲ್ಲವೆಂದರೆ ಚೆನ್ನೈಯಿಂದ ಯಾರನ್ನಾದರೂ ಕರೆಸುತ್ತೇನೆ ಅಂದಿದ್ದರು. ನನಗೆ ಆ ಕುರ್ಚಿ ಬೇಕಿತ್ತು. ಬೇಡ ಎಂದು ದೊಡ್ಡಸ್ತಿಕೆ ತೋರಿಸುವ ಪೈಕಿ ನಾನಲ್ಲ.

ಪ್ರತಿಮಾ ನನ್ನ ಜೊತೆ ಕೂರುವ ಮೊದಲೇ ಲೈನಿನ ಜನರನ್ನೆಲ್ಲ ಬೇರೆ ಬೇರೆಯಾಗಿ ಮಾತಾಡಿಸಿ ಬಂದಿದ್ದರು. ಎಲ್ಲರೂ ಒಂದೇ ದೂರು ಹೇಳಿದ್ದರಂತೆ: ಮೇಡಂ ಕ್ಯಾಬಿನ್ ಬಾಗಿಲು ಹಾಕಿಕೊಂಡು ಒಬ್ಬರೇ ಊಟ ಮಾಡುತ್ತಾರೆ. ಇದು ನೀವೇ ಕಟ್ಟಿಕೊಂಡ ಗೋಡೆ, ನೀವೇ ಒಡೆಯಬೇಕು ಎಂದು ಪ್ರತಿಮಾ ಮೆತ್ತಗೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಜಾಸ್ತಿ ಇರುತ್ತದೆ ಎಂದೆ.

ಸೇರಿದ ಹೊಸದರಲ್ಲಿ ನಾನೂ ಡಬ್ಬಿ ಹಿಡಿದು ಕ್ಯಾಂಟೀನಿಗೆ ಹೋದವಳೇ. ನಾನು ಕೂತ ಟೇಬಲ್ಲಿನವರು ಗಬಗಬ ತಿಂದು ಎದ್ದರು. ಮಾರನೆಯ ದಿನ ಆ ಟೇಬಲ್ಲಿನಲ್ಲಿ ನಾನೊಬ್ಬಳೇ. ನನ್ನ ಅಪ್ಪನ ಹೆಸರು ಚಿಕ್ಕಹನುಮಯ್ಯ, ನಮ್ಮದು ಚನ್ನಪಟ್ಟಣದ ಕಡೆಯ ಒಂದು ಊರಿನ ದಲಿತರ ಕೇರಿ. ಯಾವ ಊರು, ಊರಲ್ಲಿ ಎಲ್ಲಿ ಎಂದು ಕೇಳಿದರೆ ಸಾಕು, ನಮ್ಮ ಕಡೆ ಜಾತಿ ಗೊತ್ತಾಗಿಹೋಗುತ್ತದೆ. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ನಮಸ್ಕಾರ ಮೇಡಂ ಅನ್ನುತ್ತಿದ್ದರು, ಹೇಳಿದ ಕೆಲಸ ಮಾಡುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಎಲ್ಲರಿಗೂ ಬೇರೆ ಟೇಬಲ್ಲಿನಲ್ಲಿ ಕೆಲಸವಿರುತ್ತಿತ್ತು. ಒಂದು ವಾರ ಖಾಲಿ ಕುರ್ಚಿಗಳ ಮುಖ ನೋಡಿಕೊಂಡು ಉಂಡೆ. ಆಮೇಲೆ ಡಬ್ಬಿ ಕ್ಯಾಬಿನ್ನಿಗೆ ಬಂತು.

ಇದನ್ನೆಲ್ಲ ಪ್ರತಿಮಾಗೆ ಹೇಳಬಹುದಿತ್ತು. ಹೇಳಲಿಲ್ಲ. ಅವರು ಉತ್ಸಾಹದಲ್ಲಿ ಒಂದು ಉಪಾಯ ಹುಡುಕಿದ್ದರು. ಶನಿವಾರ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವುದು. ನಾನು ಸರಿ ಅಂದೆ. ಒಳಗೊಳಗೆ, ಆಗಲಿ, ನೀವೂ ಒಂದು ಸಲ ನೋಡಿ ಅಂದುಕೊಂಡೆ.

ಅವರೆಕಾಯಿ ಕಾಲ. ಅತ್ತೆ ಗಂಗಲಕ್ಷ್ಮಮ್ಮ ಒಂದು ಮೊರ ಅವರೆಕಾಳು ನೆನೆಸಿ, ಸಿಪ್ಪೆ ಹಿತುಕಿ ಕೊಟ್ಟರು, ನಾನು ಬೆಳಿಗ್ಗೆ ಎದ್ದು ಸಾರು ಮಾಡಿದೆ. ಶನಿವಾರ ಕ್ಯಾಂಟೀನಿನ ಟೇಬಲ್ಲುಗಳನ್ನೆಲ್ಲ ಕೂಡಿಸಿದ್ದರು. ಪ್ಯಾಕಿಂಗಿನ ಕೆಂಚಮ್ಮ ಚಿತ್ರಾನ್ನ ತಂದಿದ್ದರು. ದೊಡ್ಡಆಲಹಳ್ಳಿಯ ಕೆಂಪರಾಜು ಕಜ್ಜಾಯ ತಂದಿದ್ದರು. ಲೈನ್ ಲೀಡರ್ ಅವರು, ಜಮೀನುಳ್ಳ ಗೌಡರ ಮನೆಯ ಹಿರಿಯ ಮನುಷ್ಯ. ಅವರು ಹೂಂ ಅಂದರೆ ಇಡೀ ಲೈನು ಹೂಂ ಅನ್ನುತ್ತಿತ್ತು.

ನಾನು ಡಬ್ಬಿಯ ಮುಚ್ಚಳ ತೆಗೆದೆ. ಹಿತಕವರೆ ಸಾರಿನ ಘಮಕ್ಕೆ ಎಲ್ಲರ ಮುಖವೂ ಈ ಕಡೆ ತಿರುಗಿತು. ಕೈ ಮಾತ್ರ ಒಂದೂ ಬರಲಿಲ್ಲ. ಅವರೆಕಾಳು ತಿಂದರೆ ವಾಯು ಅಂದರು ಕೆಂಚಮ್ಮ. ಲೋಕೇಶ ಎಂಬ ಹುಡುಗ ಶನಿವಾರ ಕೆಂಗಲ್ ಹನುಮಂತರಾಯನ ಒಪ್ಪತ್ತು, ಉಪವಾಸ ಅಂದ, ತಟ್ಟೆಯಲ್ಲಿ ಚಿತ್ರಾನ್ನದ ಗುಡ್ಡೆ ಇಟ್ಟುಕೊಂಡು. ಕೆಂಪರಾಜು ತಮ್ಮ ತಟ್ಟೆ ನೋಡಿಕೊಂಡು ಕೂತರು. ಪ್ರತಿಮಾ ಒಬ್ಬರೇ ಎರಡು ಸಲ ಹಾಕಿಸಿಕೊಂಡು ಹೊಗಳಿದರು. ಸೌಟು ಹಿಡಿದು ಇನ್ಯಾರಿಗೆ ಬೇಕು ಎಂದು ಸುತ್ತ ನೋಡಿದರು. ಆಮೇಲೆ ಅವರ ಮುಖದ ನಗು ಹೊರಟುಹೋಯಿತು.

ನಾನು ಡಬ್ಬಿ ಮುಚ್ಚಿ ಕ್ಯಾಬಿನ್ನಿಗೆ ಬಂದೆ. ಪ್ರತಿಮಾ ಹಿಂದೆಯೇ ಬಂದು ಬಾಗಿಲು ಹಾಕಿದರು. ಕಣ್ಣು ತುಂಬಿಕೊಂಡಿದ್ದರು.

"ನನಗೆ ಹೊಳೀಲೇ ಇಲ್ಲ ಮಮತಾ. ಎಂ.ಡಿ.ಗೆ ಈಗಲೇ ಫೋನ್ ಮಾಡ್ತೀನಿ. ಎಲ್ಲರ ಜೊತೆ ಚೆನ್ನಾಗಿ ಬೆರೀತಾರೆ, ಅವರನ್ನೇ ಪ್ಲಾಂಟ್ ಹೆಡ್ ಮಾಡಿ ಅಂತ ಹೇಳ್ತೀನಿ."

ತಲೆ ಆಡಿಸಿದ್ದರೆ ಕುರ್ಚಿ ನನ್ನದು. ಆದರೆ ಅವರ ಆ ಅಯ್ಯೋ ಪಾಪ ನನಗೆ ಗೋಡೆಯ ಮಾತಿಗಿಂತ ಹೆಚ್ಚು ಉರಿಸಿತು. ಪಾಪ ಅಂದು ಕೊಟ್ಟ ಕುರ್ಚಿಯಲ್ಲಿ ಕೂತು, ಬಾಗಿಲು ಹಾಕಿಕೊಂಡು ಉಣ್ಣುತ್ತಾ ಎಷ್ಟು ವರ್ಷ ಕಳೆಯಲಿ? ಸುಳ್ಳು ಹೇಳಬೇಡಿ, ಬಂದು ನೋಡಿ, ಆಮೇಲೆ ಕಂಡದ್ದು ಹೇಳಿ ಎಂದು ಡಬ್ಬಿ ಎತ್ತಿಕೊಂಡು ಹೊರಟೆ.

ಅವರೆಲ್ಲ ಇನ್ನೂ ಉಣ್ಣುತ್ತಿದ್ದರು. ಕೆಂಪರಾಜು ಎದುರಿಗೆ ಡಬ್ಬಿ ಇಟ್ಟು, ಕುರ್ಚಿ ಎಳೆದುಕೊಂಡು ಕೂತೆ. ಸಿಟ್ಟು ಬಂದರೆ ನನ್ನ ದನಿ ಗೇಟಿನ ತನಕ ಕೇಳುತ್ತದೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಅವತ್ತು ಯಾಕೋ ಮೆತ್ತಗೆ ಬಂತು.

"ವಾಯುನೂ ಅಲ್ಲ, ಒಪ್ಪತ್ತೂ ಅಲ್ಲ. ಯಾಕೆ ಮುಟ್ಲಿಲ್ಲ ಅಂತ ನಿಮ್ಗೂ ಗೊತ್ತು, ನಂಗೂ ಗೊತ್ತು. ನಂಗೆ ನೋವಾಗೈತೆ. ಬಲವಂತ ಏನಿಲ್ಲ, ತಿನ್ನದಿದ್ದೋರ ಮೇಲೆ ಕೆಲಸದಲ್ಲಿ ಹಗೆ ಸಾಧಿಸೋದೂ ಇಲ್ಲ. ಆದ್ರೆ ಸೋಮವಾರದಿಂದ ನಾನು ಉಣ್ಣೋದು ಇಲ್ಲೇ. ಎದ್ದೋಗೋರು ಎದ್ದೋಗಿ. ನಾನು ಏಳಲ್ಲ."

ಲೋಕೇಶ ತಟ್ಟೆ ಎತ್ತಿಕೊಂಡು ಎದ್ದ, ಅವನ ಹಿಂದೆ ಇನ್ನಿಬ್ಬರು ಎದ್ದರು. ಕೆಂಚಮ್ಮ ಏಳಲೂ ಇಲ್ಲ, ತಲೆ ಎತ್ತಲೂ ಇಲ್ಲ. ನಾನು ಅನ್ನ ಬಡಿಸಿಕೊಂಡು ಸಾರು ಕಲಸಿ ಬಾಯಿಗಿಟ್ಟೆ.

ಕೆಂಪರಾಜು ಹೊರಗೆ ಹೋಗುತ್ತಿದ್ದ ಲೋಕೇಶನ ಬೆನ್ನನ್ನೇ ನೋಡುತ್ತಿದ್ದರು. ಆಮೇಲೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. ಸಾರು ಹಾಕಿಕೊಂಡು ನಿಧಾನವಾಗಿ ಕಲಸಿ ಒಂದು ತುತ್ತು ತಿಂದರು. ಇಡೀ ಕ್ಯಾಂಟೀನು ಅವರ ಬಾಯಿಯನ್ನೇ ನೋಡುತ್ತಿತ್ತು. ಅವರು ನುಂಗಿ, ಒಂದು ಗಳಿಗೆ ಯೋಚನೆ ಮಾಡಿ, ನನ್ನ ಮುಖ ನೋಡಿದರು.

"ಉಪ್ಪು ಒಸಿ ಮುಂದಾಗೈತೆ ಮೇಡಂ," ಅಂದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪ್ರತಿಮಾ ಫೋನ್ ಹಿಡಿದು ಹೊರಗೆ ಹೋದರು. ಅವರು ಎಂ.ಡಿ.ಗೆ ಏನು ಹೇಳಿದರೋ ನಾನು ಕೇಳಲಿಲ್ಲ. ಕುರ್ಚಿ ಯುಗಾದಿ ಹೊತ್ತಿಗೆ ನನಗೇ ಬಂತು. ಅದು ಆಮೇಲಿನ ಮಾತು. ಆ ಮಧ್ಯಾಹ್ನ ನನಗೆ ಕುರ್ಚಿಯ ನೆನಪೇ ಇರಲಿಲ್ಲ. ನನ್ನ ಕೆಲಸಕ್ಕೆ, ನನ್ನ ಸಿಟ್ಟಿಗೆ, ನನ್ನ ನಡಿಗೆಗೆ ಕೂಡ ಅಲ್ಲಿ ಕೊಂಕು ತೆಗೆದು ಹೆಸರಿಟ್ಟವರಿದ್ದರು. ಅಡುಗೆಗೆ ಹೆಸರಿಟ್ಟವರು ಒಬ್ಬರೂ ಇರಲಿಲ್ಲ. ಇಡಬೇಕಾದರೆ ಮೊದಲು ಅದನ್ನು ತಿನ್ನಬೇಕಲ್ಲ. ಹೌದು ಕೆಂಪರಾಜು, ಒಂಚೂರು ಜಾಸ್ತಿಯೇ ಆಗಿದೆ ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರಿಗೆ ಇನ್ನೊಂದು ಸೌಟು ಬಡಿಸಿದೆ.