ಹನ್ನೊಂದು ಹತ್ತು

ಡಾಕ್ಟರು ಹೂವಿಡಲು ಬಗ್ಗಿದರು. ಮೂವತ್ತು ವರ್ಷ ಅವರ ವಾರ್ಡಿನಲ್ಲಿ ದುಡಿದ ಹೆಡ್ ನರ್ಸ್, ಎಲ್ಲರ ಬಾಯಲ್ಲಿ ಗಡಿಯಾರದಕ್ಕ, ಕಣ್ಣುಮುಚ್ಚಿ ಮಲಗಿದ್ದಳು.

"ತಾನು ಸತ್ತ ಟೈಮೂ ಬರ್ಕೊಂಡೇ ಹೋಗಿರ್ತಾಳೆ ನಮ್ಮಕ್ಕ," ಎಂದು ಆಯಾ ಅಳುತ್ತಲೇ ನಕ್ಕಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ಡಾಕ್ಟರದು. ಆ ಮಾತಿಗೂ ಬೆವರಿದರು. ಜೊತೆಗೆ ಬಂದಿದ್ದ ಅವರ ವಕೀಲರು ಪಿಸುಗುಟ್ಟಿದರು: "ಸೋಮವಾರ ಕೋರ್ಟಲ್ಲಿ ಇವರದೇ ಸಾಕ್ಷಿ ಇತ್ತು. ಇನ್ನು ಉಳಿದಿರೋದು ನೀವು ಬರೆದ ಕೇಸ್ ಶೀಟ್ ಒಂದೇ. ನಿರ್ಲಕ್ಷ್ಯ ಅಂತ ಸಾಬೀತು ಮಾಡೋದು ಕಷ್ಟ. ಆ ಕಡೆ ವಕೀಲರ ಪಾಟೀಸವಾಲಿಗೂ ಹೆದರಬೇಡಿ."

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ಹೆಣದ ಮುಂದೆ ನಿಂತು ನೆಮ್ಮದಿಪಟ್ಟೆನಲ್ಲ ಎಂದು ತನ್ನ ಮೇಲೇ ಹೇಸಿಗೆಯೂ ಆಯಿತು.

*

ಕೇಸಿಗೆ ಕಾರಣವಾದ ಆ ದಿನ ಬೆಳಿಗ್ಗೆ ಹೆರಿಗೆಯಾದ ಹೆಂಗಸಿಗೆ ರಕ್ತ ನಿಲ್ಲಲಿಲ್ಲ. ಗಡಿಯಾರದಕ್ಕ ಮೂರು ಸಲ ಫೋನ್ ಮಾಡಿದ್ದಳು. ಹೊರರೋಗಿಗಳ ಸಾಲು ಮುಗಿಸಿ ಡಾಕ್ಟರು ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಕೇಸ್ ಶೀಟಿನಲ್ಲಿ ಅವರು 'ಕರೆ ಬಂದದ್ದು 11.45' ಎಂದು ಬರೆದರು.

"ಹನ್ನೊಂದು ಹತ್ತಲ್ವಾ, ಡಾಕ್ಟ್ರೇ?"

"ನಿಮ್ಮ ವಾಚು ಮುಂದಿದೆ, ಸಿಸ್ಟರ್."

ಅವಳು ತೋಳಿಗಂಟಿದ್ದ ಬಿಳಿ ಪ್ಲಾಸ್ಟರ್ ಪಟ್ಟಿಯನ್ನು ಸವರಿದಳು. ಕೈಗೆ ಬಿಡುವಿಲ್ಲದಾಗ ಹೊತ್ತನ್ನು ಅದರ ಮೇಲೆ ಗೀಚಿಕೊಳ್ಳುವುದು ಅವಳ ರೂಢಿ.

*

"ಡಾಕ್ಟ್ರೇ, ಕೋಣೆ ಕಪಾಟಿನಿಂದ ಒಂದು ಹೊದಿಕೆ ತರ್ತೀರಾ?" ಎಂದಳು ಗಡಿಯಾರದಕ್ಕನ ಮಗಳು. ಚಿಕ್ಕಮ್ಮ ಅವಳ ಮಡಿಲಲ್ಲಿ ಕುಸಿದಿದ್ದಳು. "ನೀವು ನಮ್ಮೋರೇ ಅಂತಿದ್ಲು ಅಮ್ಮ. ಕಪಾಟಿನ ಬಾಗಿಲು ಗಟ್ಟಿಯಾಗಿ ಒತ್ತಿ, ಇಲ್ಲಾಂದ್ರೆ ತಾನೇ ತೆರ್ಕೊಳ್ಳುತ್ತೆ. ಒಳಗೆ ಅಮ್ಮನ ಪಟ್ಟಿಗಳಿವೆ. ಆ ಕಡೆ ವಕೀಲರು ನಾಳೆ ನೋಡೋಕೆ ಬರ್ತಾರಂತೆ, ಯಾಕೋ ಏನೋ."

ಡಾಕ್ಟರು ಕೋಣೆಗೆ ಹೋಗಿ ಕಪಾಟು ತೆರೆದರು.

ಬಾಗಿಲ ಒಳಮೈ ತುಂಬ ಪ್ಲಾಸ್ಟರ್ ಪಟ್ಟಿಗಳು. ಯಾರಿಗೋ ಜ್ವರ ಇಳಿದ ಹೊತ್ತು, ಯಾರದೋ ಮಗು ಮೊದಲು ಅತ್ತ ಹೊತ್ತು. ನಡುವೆ ಒಂದು: 'ಮಗಳಿಗೆ ಕೆಲಸ ಸಿಕ್ಕಿತು, 4.20.' ಕೊನೆಯ ಸಾಲಿನಲ್ಲಿ, ಆ ಹೆರಿಗೆಯ ದಿನದ ತಾರೀಖಿನ ಕೆಳಗೆ: 'ಡಾಕ್ಟರಿಗೆ ಕರೆ, 11.10. ಮತ್ತೆ 11.20. ಮತ್ತೆ 11.35.'

ಉಗುರು ಪಟ್ಟಿಯ ಅಂಚು ಹುಡುಕಿತು. ಎಳೆದರು. ಹಸಿರು ಬಣ್ಣವೂ ಕಿತ್ತುಬಂದು, ಪಟ್ಟಿಯಷ್ಟೇ ಉದ್ದಕ್ಕೆ ಬರಿ ಮರ ಕಂಡಿತು.

"ಡಾಕ್ಟ್ರೇ, ಎತ್ತೋ ಹೊತ್ತಾಯ್ತು. ನೀವೂ ಹೆಗಲು ಕೊಡಿ." ಮಗಳ ಹೆಜ್ಜೆ ಹತ್ತಿರವಾಯಿತು.

ಪಟ್ಟಿ ಬೆರಳಿಗಂಟಿತ್ತು; ಕೊಡವಿದರೂ ಬೀಳಲಿಲ್ಲ. ಮುಷ್ಟಿ ಬಿಗಿದು, ಹೊದಿಕೆ ಎಳೆದುಕೊಂಡು, ಮೊಣಕೈಯಿಂದ ಬಾಗಿಲು ಒತ್ತಿ ತಿರುಗಿದರು. ಹೊಸ್ತಿಲಲ್ಲಿ ಮಗಳು ನಿಂತಿದ್ದಳು. ಬೆನ್ನ ಹಿಂದೆ ಕಪಾಟು ಕಿರ್ರೆಂದಿತು. ಅವಳ ಕಣ್ಣು ಅವರ ಭುಜ ದಾಟಿ, ನಿಧಾನವಾಗಿ ತೆರೆದುಕೊಳ್ಳುತ್ತಿದ್ದ ಬಾಗಿಲ ಮೇಲೆ ನೆಟ್ಟಿತು.