ಕೊನೆಯ ದವಡೆಹಲ್ಲು

ಹನ್ನೊಂದಕ್ಕೆ ಅಕ್ಕನ ಶೋಧವನ್ನು ನೋಡಲು ಪರೀಕ್ಷಕರು ಬರುವವರಿದ್ದರು. ಹತ್ತೂವರೆಗೆ ತಂಗಿಗೆ ಅದರಲ್ಲಿ ತಪ್ಪೊಂದು ಕಂಡಿತು.

ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ಹಂದಿಯ ದವಡೆ ಅದು. ಕಲ್ಲು ಕೆರೆದು ಮೂಳೆ ಬಿಡಿಸುವುದು, ಕಳಚಿದ ಹಲ್ಲು ಅಂಟಿಸುವುದು ತಂಗಿಯ ಕೆಲಸ. ಅದು ಯಾವ ಪ್ರಾಣಿಯೆಂದು ಹೇಳುವುದು ಅಕ್ಕನ ಕೆಲಸ. ದವಡೆ ಹಂದಿಗಳ ಒಂದು ಕುಲದ್ದರಂತೆ, ಕೊನೆಯ ಹಲ್ಲು ಇನ್ನೊಂದರಂತೆ. ಆದ್ದರಿಂದ ಇದು ಹೊಸ ಕುಲವೇ ಎಂಬುದು ಅಕ್ಕನ ವಾದ. ಹನ್ನೆರಡು ವರ್ಷದ ದುಡಿಮೆ. ಅಕ್ಕ ಹಂದಿಯನ್ನೇ ಕಟ್ಟಿಕೊಂಡಿದ್ದಾಳೆಂದು ನೆಂಟರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಊರ ಬಾಯಿಗೆ ಬೀಗ ಹಾಕುವವರು ಯಾರು!

ಧೂಳು ಒರೆಸುವಾಗ ತಂಗಿಗೆ ಕಂಡದ್ದಿಷ್ಟೇ: ಅಕ್ಕಪಕ್ಕದ ಹಲ್ಲುಗಳಲ್ಲಿ ಒಂದನ್ನೊಂದು ಉಜ್ಜಿ ಸವೆದ ಗುರುತಿರಬೇಕು. ಮುಂದಿನ ಹಲ್ಲಿನಲ್ಲಿತ್ತು, ಕೊನೆಯದರಲ್ಲಿ ಇರಲಿಲ್ಲ. ಅದು ಬೇರೆ ಹಂದಿಯ ಹಲ್ಲು. ಬಿಡಿ ಹಲ್ಲುಗಳ ತಟ್ಟೆಯಿಂದ ತಪ್ಪಿ ಎತ್ತಿಕೊಂಡಿದ್ದೇನೆ, ಅಕ್ಕನ ಬಾಳಿಗೆ ಮಣ್ಣು ಹಾಕಿದ್ದೇನೆ ಎಂದು ಅವಳಿಗೆ ಅಳುವೇ ಬಂತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಈಗಲೇ ಕಿತ್ತು ತಪ್ಪೊಪ್ಪಿಕೊಂಡರೆ ಅಕ್ಕನ ಮಾನವಾದರೂ ಉಳಿದೀತು. ಅಂಟು ಕರಗಿಸಲು ಅಸಿಟೋನ್ ಒಂದು ಹನಿ ಬಿಟ್ಟಳು. ಕಾದಳು. ಮತ್ತೊಂದು ಹನಿ. ಹಲ್ಲು ಮಿಸುಕಲಿಲ್ಲ.

ತಂಗಿ ಶೀಶೆ ಕೆಳಗಿಟ್ಟಳು. ನಾಳೆ ತಪ್ಪು ಕಂಡರೆ ಬಿಡಿಸಲು ಬರಬೇಕೆಂದು ಅವಳು ಬಳಸುವುದು ಅಸಿಟೋನಿಗೆ ಕರಗುವ ಅಂಟನ್ನು ಮಾತ್ರ. ಇದು ಅವಳ ಅಂಟಲ್ಲ. ಈ ಕೋಣೆಯ ಇನ್ನೊಂದು ಬೀಗದ ಕೈ ಇದ್ದದ್ದು ಅಕ್ಕನ ಬಳಿ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು.

"ಅದು ಬಿಡಲ್ಲ ಕಣೇ. ಬಿಡಬಾರದು ಅಂತಲೇ ಹಾಕಿದ್ದು."

"ನಾನೇ ಎಡವಿದೆ ಅಂತ ಜೀವ ಬಾಯಿಗೆ ಬಂದಿತ್ತು, ಅಕ್ಕಾ."

"ನೀನು ಸರಿಯಾಗೇ ಅಂಟಿಸಿದ್ದೆ. ಆ ಹಲ್ಲು ಕಿತ್ತಿದ್ದು ನಾನು, ನನ್ನ ಡ್ರಾಯರ್‌ನಲ್ಲಿದೆ. ಅದಿದ್ರೆ ಎಲ್ಲರಿಗೂ ಗೊತ್ತಿರೋ ಹಂದೀನೇ ಇದು. ಹನ್ನೆರಡು ವರ್ಷ ಆದಮೇಲೆ ಅದನ್ನ ಹೇಗೆ ಹೇಳ್ಲಿ?"

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಅಕ್ಕ ಒಳಗೆ ಬಂದು ತಂಗಿಯ ಮೊಣಕೈ ಹಿಡಿದಳು. "ಯಾರಾದ್ರೂ ಕಂಡುಹಿಡಿದ್ರೆ ನಿನ್ನ ಕೈತಪ್ಪು ಅಂದ್ಬಿಡೋಣ. ನಿಂಗೇನು, ಎರಡು ಮಾತು ಬೈಸ್ಕೋತೀಯ, ಅಷ್ಟೇ."

ಒಂದು ಗಳಿಗೆ ಮುಂಚೆ ಕೇಳಿದ್ದರೆ ತಂಗಿ ಆ ತಪ್ಪನ್ನು ಸಂತೋಷವಾಗಿ ಹೊರುತ್ತಿದ್ದಳು. ಈಗ ಮೊಣಕೈ ಬಿಡಿಸಿಕೊಂಡಳು. ದವಡೆಯನ್ನು ಎತ್ತಿ ಅಕ್ಕನ ಕೈಗಳಲ್ಲಿಟ್ಟಳು. ಅಸಿಟೋನ್ ಶೀಶೆಯನ್ನು ಮೇಜಿನ ನಡುವೆ, ಎಲ್ಲರಿಗೂ ಕಾಣುವಂತೆ ಇಟ್ಟಳು.

"ನನ್ನ ಅಂಟು ಇದಕ್ಕೆ ಕರಗುತ್ತೆ ಅಂತ ಬರ್ತಿರೋರಿಗೆಲ್ಲ ಗೊತ್ತು, ಅಕ್ಕಾ," ಎಂದು ಹೇಳಿ ಬಾಗಿಲು ತೆರೆದಳು.